ಆಮ್ರಪಾಲಿ ಹೇಳಿದ ತೂಕ

ಆಮ್ರಪಾಲಿ ಭಾತಂಬ್ರಾದ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಲವತ್ತಾರು ವಯಸ್ಸು. ಭಾಲ್ಕಿಯ ಮನೆಯಿಂದ ದಿನಾ ಸೈಕಲ್ಲಿನಲ್ಲೇ ಡ್ಯೂಟಿಗೆ ಹೋಗಿಬರುತ್ತಾಳೆ. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಯ ಸುಳಿವು ಸಿಕ್ಕಾಗ, ಬೀದರಿನಿಂದ ವರ್ಗವಾಗಿ ಹೊರಟಿದ್ದ ಏರ್‌ಫೋರ್ಸ್‌ನವರೊಬ್ಬರ ರೋಡ್ ಬೈಕನ್ನು, ಅಂದರೆ ತೆಳು ಗಾಲಿಯ ರೇಸಿನ ಸೈಕಲ್ಲನ್ನು, ಕೊಂಡಿದ್ದಳು. ರಜೆ ಸಿಕ್ಕರೆ ಠಾಣಾ ಕುಶನೂರ ದಾಟಿ ಔರಾದದ ತವರಿಗೂ ಅದರ ಮೇಲೆಯೇ ಸವಾರಿ. ಬಾಗಿದ ಹ್ಯಾಂಡಲ್ ಹಿಡಿದು ಬರುವ ಸಿಸ್ಟರನ್ನು ನೋಡಿ ಮೊದಲು ನಗುತ್ತಿದ್ದ ಜನ ಈಗ ಕೈಯೆತ್ತಿ ನಮಸ್ಕಾರ ಹೇಳುತ್ತಾರೆ.

ಅವಳನ್ನು ಸೋಲಿಸುತ್ತಿದ್ದುದು ಒಂದೇ: ಬೀದರಿಗೆ ಹತ್ತುವ ಏರು. ಪ್ರತಿ ಸಲ ಕೊನೆಯ ತಿರುವಿನಲ್ಲಿ ಕಾಲು ಕೆಳಗಿಡಲೇಬೇಕು. ಆಮೇಲೆ ಸೈಕಲ್ ತಳ್ಳಿಕೊಂಡು ನಡಿಗೆ. ಲಾರಿಯವರು ಹಾರ್ನ್ ಹೊಡೆದು ಹೋಗುವಾಗ ಅವಳಿಗೆ ಮುಖ ಎತ್ತಲು ಮನಸ್ಸಾಗುತ್ತಿರಲಿಲ್ಲ.

"ಗಾಲೀನೇ ಭಾರ ಅವ. ಕಾರ್ಬನ್ ಗಾಲಿ ಹಾಕ್ಸು. ಎಷ್ಟ್ ದಿನ ಹಿಂಗ ತಳ್ತೀ?" ಎಂದು ಗಂಡ ವಿಶ್ವಾಸನೇ ಒತ್ತಾಯಿಸಿದ.

ಬೀದರಿನಲ್ಲಿ ಕಲೀಮನ ಅಂಗಡಿ. ಮೊದಲು ಸಾದಾ ಸೈಕಲ್ ರಿಪೇರಿ ಮಾಡುತ್ತಿದ್ದ ಕಲೀಮ ವಿಡಿಯೊ ನೋಡಿ ನೋಡಿ ರೋಡ್ ಬೈಕಿನ ಕೆಲಸ ಕಲಿತವನು. ಅವನು ಮೊಬೈಲಿನಲ್ಲಿ ಮೂರು ಜೋಡಿ ತೋರಿಸಿದ. ಎತ್ತರದ ರಿಮ್ಮಿನ ಕಪ್ಪು ಗಾಲಿಗಳ ಮೇಲೆ ಅವಳ ಕಣ್ಣು ನಿಂತಿತು.

"ಅವು ಬ್ಯಾಡ್ರಿ ಸಿಸ್ಟರ್. ಔರಾದ ದಾರ್ಯಾಗ ಬಯಲಿನ ಗಾಳಿ ಅಡ್ಡ ಬಡೀತದ. ರಿಮ್ ಎತ್ತರ ಇದ್ರ ಸೈಕಲ್ ಪಕ್ಕಕ್ಕ ಎಳೀತದ."

"ಹಂಗಾದ್ರ ಎಲ್ಲಾದಕ್ಕಿಂತ ಹಗೂರ ಯಾವುದದ, ಅದೇ ತರಸ್ರಿ."

"ಅದಕ್ಕ ಕಡ್ಡಿ ಕಮ್ಮಿ. ಎಪ್ಪತ್ತೈದು ಕಿಲೋದೊಳಗಿನವ್ರು ಮಾತ್ರ ಕೂಡಬೇಕಂತ ಕಂಪನಿಯವ್ರು ಬರದಾರ. ನಿಮ್ಮ ತೂಕ ಎಷ್ಟ್ರಿ?"

ಅಂಗಡಿಯಲ್ಲಿ ಇನ್ನಿಬ್ಬರು ಗಂಡಸರು ಕೂತಿದ್ದರು. "ಅರವತ್ತೆಂಟು," ಅಂದುಬಿಟ್ಟಳು ಆಮ್ರಪಾಲಿ. ಕಲೀಮ ಒಮ್ಮೆ ಅವಳ ಮುಖ ನೋಡಿ ಬರೆದುಕೊಂಡ.

ಮರುದಿನ ಆರೋಗ್ಯ ಕೇಂದ್ರದಲ್ಲಿ ಕೌಸಲ್ಯಾಬಾಯಿ ತೂಕದ ಯಂತ್ರದ ಮೇಲೆ ನಿಂತಳು. ಬಿಪಿ ಗುಳಿಗೆಗೆಂದು ತಿಂಗಳಿಗೊಮ್ಮೆ ಬರುವ ಮುದುಕಿ. ಒಂದು ಕೈ ಮೆಲ್ಲಗೆ ಗೋಡೆಗೆ ಊರಿತ್ತು.

"ಆಯಿ, ಗ್ವಾಡಿ ಬಿಡ್ರಿ. ತೂಕ ಕಮ್ಮಿ ತೋರಸ್ತದ. ಖರೆ ತೂಕ ಗೊತ್ತಾಗಲಿಲ್ಲಂದ್ರ ನಿಮಗೇ ತ್ರಾಸ."

"ಏನ್ ಮಾಡ್ಲೆವ್ವಾ, ನಾಚಿಕಿ ಬರ್ತದ," ಎಂದು ಮುದುಕಿ ಬಾಯಿಗೆ ಸೆರಗು ಹಿಡಿದಳು.

ಆಮ್ರಪಾಲಿಯ ಪೆನ್ನು ಮುಂದೆ ಓಡಲಿಲ್ಲ. ಮುದುಕಿ ಹೋದ ಮೇಲೆ ಬಾಗಿಲು ಮುಂದೆ ಮಾಡಿ ತಾನೇ ಯಂತ್ರ ಹತ್ತಿದಳು. ಎಂಬತ್ತೊಂದು. ಹಾಗೇ ನಿಂತು ಫೋನ್ ಹಚ್ಚಿದಳು.

"ಕಲೀಮಭಾಯಿ, ನಾ ನಿನ್ನಿ ಸುಳ್ಳ ಹೇಳೀನ್ರಿ. ನನ್ನ ತೂಕ ಎಂಬತ್ತೊಂದದ."

ಆ ಕಡೆ ಸಣ್ಣ ನಗು. "ಗೊತ್ತದ್ರಿ. ನಿಮ್ಮ ಹಿಂದಿನ ಗಾಲಿ ಕಡ್ಡಿ ಭಾರಕ್ಕ ಮುರಿದಾಗ ನಾಲ್ಕ್ ಸಲ ನಾನೇ ಹಾಕೀನಲ್ಲ. ಆರ್ಡರ್ ಕಳಿಸೇ ಇಲ್ಲ. ನೀವೇ ಫೋನ್ ಮಾಡ್ತೀರಂತ ಕಾದಿದ್ದೆ."

"ಮಾಡಿರಲಿಲ್ಲಂದ್ರ?"

"ನಾನೇ ಮನೀಗಿ ಬಂದು ಹೇಳ್ತಿದ್ದೆ. ಇಳಿಜಾರಿನ್ಯಾಗ ಗಾಲಿ ಮುರೀಬಾರದಲ್ರಿ."

ಇಬ್ಬರೂ ಸೇರಿ ಮಧ್ಯದ ಜೋಡಿಯನ್ನು ಆರಿಸಿದರು. ತಗ್ಗಿನ ರಿಮ್, ಇಪ್ಪತ್ತನಾಲ್ಕು ಕಡ್ಡಿ, ಸ್ವಲ್ಪ ಅಗಲದ ಟೈರು. ತೀರಾ ಹಗುರದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚು, ಹಳೆಯದಕ್ಕಿಂತ ಅರ್ಧ ಕಿಲೋ ಕಡಿಮೆ.

ಗಾಲಿ ಬಂದ ಮೊದಲ ಭಾನುವಾರ ಹುರುಪಿನಲ್ಲಿ ಬೀದರಿನ ಏರಿನ ಬುಡದಿಂದಲೇ ಜೋರಾಗಿ ತುಳಿದಳು. ಕೊನೆಯ ತಿರುವಿನಲ್ಲಿ ಮತ್ತೆ ಕಾಲು ಕೆಳಗೆ. ಅಳು ಬಂದಂತಾಯಿತು. ಮುಂದಿನ ವಾರ ಅವಸರ ಮಾಡಲಿಲ್ಲ. ಸಣ್ಣ ಗೇರಿನಲ್ಲಿ ಉಸಿರು ಎಣಿಸುತ್ತ ಹೋದಳು. ತಿರುವಿನಲ್ಲಿ ತೊಡೆ ನಡುಗಿತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಮೇಲೆ ರಸ್ತೆ ಸಮವಾದಾಗ ತಕ್ಷಣ ನಂಬಿಕೆ ಬರದೆ ಇನ್ನೂ ಅರ್ಧ ಫರ್ಲಾಂಗು ತುಳಿದು, ಆಮೇಲೆ ಇಳಿದು ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ಕೂತಳು.

ವಿಶ್ವಾಸ ಆ ಗಾಲಿಗಳನ್ನು ಭಾನುವಾರಕ್ಕೆ ಮಾತ್ರ ಇಡು ಅನ್ನುತ್ತಾನೆ. ಅವಳು ಕೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಭಾತಂಬ್ರಾದ ದಾರಿಯ ಧೂಳು ಅವಕ್ಕೂ ಹತ್ತುತ್ತದೆ.