ಹಪ್ಪಳದ ಪಕ್ಕ ಹಳದಿ ಚೆಂಡು

ಆ ಭಾನುವಾರವೂ ಹಾಲು ತಂದು, ನಲ್ಲಿ ನೀರು ಹಿಡಿದು, ಇಡ್ಲಿ ಬೇಯಲಿಟ್ಟು, ತಾರಸಿ ಹತ್ತಿ ಆರು ಹಳದಿ ಉಣ್ಣೆಯ ಚೆಂಡುಗಳನ್ನು ಬಿಸಿಲಿಗೆ ಹರಡಿದೆ. ಪಕ್ಕದಲ್ಲಿ ಗೌರಮ್ಮನವರು ಹಳೆಯ ಸೀರೆ ಹಾಸಿ ಹಪ್ಪಳ ಹಾಕುತ್ತಿದ್ದರು. ಮದುವೆಯಾಗಿ ಹತ್ತು ವರ್ಷ ಮಂಗಳೂರಿನಲ್ಲಿ ಮನೆ ನಡೆಸಿದವಳು ವಿಜಯನಗರ ಬಡಾವಣೆಗೆ ಬಂದು ಬಾಲ್ ಬ್ಯಾಡ್ಮಿಂಟನ್ ಚೆಂಡುಗಳನ್ನು ಮಗುಚಿ ಹಾಕುತ್ತಾ ನಿಲ್ಲುತ್ತೇನೆಂದು ಯಾರಾದರೂ ಹೇಳಿದ್ದರೆ, ಅವರಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ.

"ಇವತ್ತಾದ್ರೂ ಗೆಲ್ತಾರೇನ್ರೀ, ಮಂಗ್ಳೂರಮ್ಮ?" ಗೌರಮ್ಮ ಕೇಳಿದರು.

"ಗೆಲ್ತಾರೆ ಮಾರಾಯ್ರೆ. ಯಾಕೆ ಗೆಲ್ಲೂದಿಲ್ಲ?"

"ಏಳು ಸಲಾನೂ ಹಂಗೇ ಅಂದ್ರಿ."

ನಿಜ. ಏಳು ಸಲವೂ ಹಾಗೆಯೇ ಅಂದಿದ್ದೆ.

ನಮ್ಮ ಮಂಗಳೂರಿನ ಓದುಗರಿಗೆ ಮೊದಲಿನಿಂದ ಹೇಳಬೇಕು. ನನ್ನವರಿಗೆ ವರ್ಗವಾಗಿ ನಾವು ಇಲ್ಲಿ ಗೌರಮ್ಮ ಮತ್ತು ಅವರ ಯಜಮಾನರಾದ ಶಿವಣ್ಣನವರ ಹಿತ್ತಲ ಕಡೆಯ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಮನೆ ಕೊಟ್ಟವರಿಗೆ ಇಲ್ಲಿ 'ಓನರ್' ಎನ್ನುತ್ತಾರೆ. ಕರಾರು ಹನ್ನೊಂದು ತಿಂಗಳದ್ದು. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ತೆಂಗು, ಬಾವಿ, ಒಂದಿಷ್ಟು ಮೌನ ಇರುತ್ತದೆ. ಇಲ್ಲಿ ಅವರ ಒಗ್ಗರಣೆಗೆ ನಾನು ಸೀನುತ್ತೇನೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಕಲಿಯಲು ಎರಡು ತಿಂಗಳು ಹಿಡಿಯಿತು. ನನ್ನ ಮಾತು ಕೇಳಿದ ತರಕಾರಿಯವಳು "ಪುಸ್ತಕ ಓದ್ದಂಗೆ ಮಾತಾಡ್ತಾರೆ ಈವಮ್ಮ" ಎಂದು ನಕ್ಕು ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದಳು. ಅದು ನನ್ನ ಮೊದಲ ಗೆಲುವು.

ಶಿವಣ್ಣನವರ ಲೋಕವೆಂದರೆ ಬೀದಿಯ ಕೊನೆಯ ಸೈಟು. ಮನೆ ಕಟ್ಟದೆ ಬಿಟ್ಟ ಜಾಗಕ್ಕೆ ಇಲ್ಲಿನವರು ಸೈಟು ಎನ್ನುತ್ತಾರೆ. ಅಲ್ಲಿ ಸುಣ್ಣದ ಗೆರೆ ಎಳೆದು, ಬಲೆ ಕಟ್ಟಿ, ಅವರ 'ತರುಣ ಸಂಘ' ಐದೈದು ಜನರಂತೆ ಆಡುತ್ತಿತ್ತು. ತರುಣರಲ್ಲಿ ಅತಿ ಚಿಕ್ಕವರಿಗೆ ಮೂವತ್ತೆಂಟು. ಸಂಜೆ ಹೊತ್ತು ಕಳೆಯದೆ ನಾನೂ ಹೋಗಿ ಕಟ್ಟೆಯ ಮೇಲೆ ಕೂತೆ. ಕೂತವಳು ಏಳಲಾರದಷ್ಟು ಮರುಳಾದೆ.

ಹಿಂದಿನ ವರ್ಷ ಮೂರು ಪಂದ್ಯ ಗೆದ್ದವರು ನಾವು ಬಂದ ಮೇಲೆ ಒಂದನ್ನೂ ಗೆಲ್ಲಲಿಲ್ಲ. ಹೊಡೆದದ್ದೆಲ್ಲ ಹಿಂದಿನ ಗೆರೆ ದಾಟಿ ಹೋಗುತ್ತಿತ್ತು. ನಾನು ಪ್ರತಿ ಸೋಲಿನಲ್ಲೂ ಏನಾದರೂ ಹುಡುಕುತ್ತಿದ್ದೆ: ಮೂರನೆಯದರಲ್ಲಿ ಎದುರಾಳಿಗಳಿಗೂ ಬೆವರು ಬಂದಿತ್ತು, ಐದನೆಯದರಲ್ಲಿ ಶಿವಣ್ಣನವರು ಒಮ್ಮೆಯೂ ಬೀಳಲಿಲ್ಲ. ಆದರೆ ಗೌರಮ್ಮ ಸೋತ ದಿನಗಳಲ್ಲಿ ನನ್ನ ಮುಖಕ್ಕಿಂತ ಮೊದಲು ನನ್ನ ಕಾಲು ನೋಡತೊಡಗಿದ್ದರು. "ಕಾಲ್ಗುಣ ಅಂತ ಒಂದಿರುತ್ತೆ, ನಾನೇನ್ ನಂಬಲ್ಲಪ್ಪ" ಎಂದು ಯಾರಿಗೋ ಹೇಳುವಂತೆ ಹೇಳುತ್ತಿದ್ದರು. ಹತ್ತು ತಿಂಗಳು ಮುಗಿದಿತ್ತು. ಕರಾರು ಮುಂದುವರಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ನಮ್ಮ ಬಚ್ಚಲ ಹಂಡೆ ಸೋರಿ, ಅವರ ಬಚ್ಚಲಿಗೆ ನೀರು ಕಾಯಿಸಲು ಹೋದೆ. ಹಂಡೆಯ ಪಕ್ಕದ ಮೊಳೆಗೆ ಚೆಂಡಿನ ಚೀಲ ನೇತಾಡುತ್ತಿತ್ತು. ಒಂದನ್ನು ಕೈಗೆ ತೆಗೆದುಕೊಂಡೆ. ಹಸಿ ಬಟ್ಟೆಯ ಭಾರ! ಬೆವರಿಳಿಯುವ ಮಂಗಳೂರಿನಲ್ಲಿ ಕಾನ್ವೆಂಟಿನ ಸಿಸ್ಟರ್ ನಮಗೆ ಸ್ವೆಟರ್ ಹೆಣೆಯಲು ಯಾಕೆ ಕಲಿಸಿದರೆಂದು ಆ ದಿನದವರೆಗೆ ತಿಳಿದಿರಲಿಲ್ಲ. ಉಣ್ಣೆ ನೀರು ಕುಡಿಯುತ್ತದೆ, ಆವಿಯನ್ನೂ ಬಿಡುವುದಿಲ್ಲ. ಇವರು ವಾರವಿಡೀ ಭಾರದ ಚೆಂಡಿಗೆ ಕೈ ಪಳಗಿಸಿಕೊಂಡು, ಪಂದ್ಯದ ದಿನ ಹಗುರವಾದ ಹೊಸ ಚೆಂಡನ್ನೂ ಅದೇ ಬಲದಿಂದ ಹೊಡೆಯುತ್ತಿದ್ದರು.

"ಮುಂಚೆ ಈ ಚೀಲ ಎಲ್ಲಿಡ್ತಿದ್ರಿ?" ಶಿವಣ್ಣನವರನ್ನು ಕೇಳಿದೆ.

"ಹಿಂದಿನ್ ರೂಮಲ್ಲಿ. ನಿಮಗೆ ಬಾಡಿಗೆಗೆ ಕೊಟ್ವಲ್ಲ, ಅದೇ."

ಅಂದರೆ ಕಾಲ್ಗುಣದ ಮಾತು ಪೂರ್ತಿ ಸುಳ್ಳಾಗಿರಲಿಲ್ಲ! ನಗು ಬಂತು. ಚೆಂಡು ಬಚ್ಚಲ ಆವಿ ಕುಡಿದು ಭಾರವಾದದ್ದನ್ನು ಹೇಳಿಯೇ ಬಿಟ್ಟೆ. ಅಂದಿನಿಂದ ಹತ್ತು ದಿನ ಚೆಂಡುಗಳಿಗೆ ತಾರಸಿಯ ಬಿಸಿಲು.

ವರ್ಷದ ಕಡೆಯ ಪಂದ್ಯಕ್ಕೆ ಹೊರಗಿನ ತಂಡ ಕರೆಸುವುದು ಸಂಘದ ಪದ್ಧತಿ. "ನಿಮ್ಮೂರೋರ್ನೇ ಕರೆಸಿದ್ದೀನಿ, ನಿಮಗೂ ಬೇಜಾರು ಕಳೀಲಿ" ಎಂದಿದ್ದರು ಶಿವಣ್ಣ. ಆ ಭಾನುವಾರ ಮಧ್ಯಾಹ್ನ ಮಂಗಳೂರಿನವರು ವ್ಯಾನಿನಿಂದ ಇಳಿದರು. "ಎಂತ ಬಿಸಿಲು ಮಾರಾಯ" ಎಂಬ ಮಾತು ಕಿವಿಗೆ ಬಿದ್ದು ಕಣ್ಣು ತುಂಬಿತು. ಮಜ್ಜಿಗೆ ಕೊಡಲು ಹೋಗಿ "ತಗೊಳ್ರಪ್ಪ, ಸಂಕೋಚ ಬೇಡ" ಎಂದೆ. ಅವರ ನಾಯಕರು ಲೋಟ ಹಿಡಿದು, "ನೀವು ಇಲ್ಲಿಯವರೇ ಅಲ್ವಾ?" ಎಂದರು.

ಮೊದಲ ಆಟ ನಾವು ಗೆದ್ದೆವು. ವರ್ಷದಲ್ಲೇ ಮೊದಲ ಆಟ! ಗೌರಮ್ಮ ನನ್ನ ಕೈ ಹಿಂಡಿ ಒಂದು ಬಳೆ ಒಡೆದರು. ಎರಡನೆಯದು ಅವರದಾಯಿತು. ಮೂರನೆಯದರಲ್ಲಿ ನಾವು ಇಪ್ಪತ್ತೇಳು, ಅವರು ಇಪ್ಪತ್ತೆಂಟು. ಇನ್ನೊಂದು ಅಂಕ ಸಿಕ್ಕರೆ ಪಂದ್ಯ ಅವರದು. ಶಿವಣ್ಣ ಹಾರಿ ಹೊಡೆದರು. ಚೆಂಡು ಗೆರೆಯ ಹತ್ತಿರ ಬಿದ್ದು ಉರುಳಿ ನನ್ನ ಕಾಲಿಗೇ ಬಂದು ನಿಂತಿತು. ಅದೇ ಹೊತ್ತಿಗೆ ಅಂಪೈರ್ ಕಣ್ಣಿಗೆ ಧೂಳು ಬಿದ್ದಿತ್ತು.

"ಇನ್!" ಎಂದು ನಮ್ಮವರು. "ಔಟು!" ಎಂದು ಅವರು.

"ಮಂಗ್ಳೂರಮ್ಮನ್ನೇ ಕೇಳ್ರೋ" ಯಾರೋ ಕೂಗಿದರು, "ಅವ್ರು ಎರಡೂ ಕಡೆಯೋರು!"

ಚೆಂಡು ಎತ್ತಿಕೊಂಡೆ. ಗೆರೆಯ ಒಳಗಂತೂ ಬಿದ್ದಿರಲಿಲ್ಲ, ಗೆರೆಗೆ ತಾಗಿದ್ದರೆ ಸುಣ್ಣ ಅಂಟಬೇಕಿತ್ತು. ತಿರುಗಿಸಿ ತಿರುಗಿಸಿ ನೋಡಿದೆ. ಕೆಂಪು ಮಣ್ಣು ಮಾತ್ರ. ನನ್ನ ಎರಡು ಕೋಣೆ, ತಾರಸಿ, ಕೊತ್ತಂಬರಿಯ ಕಟ್ಟು ಎಲ್ಲ ಕಣ್ಣ ಮುಂದೆ ಬಂತು.

"ಔಟ್," ಎಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಮಂಗಳೂರಿನವರು ಕುಣಿದರು. ಅವರ ಜೊತೆ ಚಪ್ಪಾಳೆ ತಟ್ಟಲೂ ಆಗಲಿಲ್ಲ, ಶಿವಣ್ಣನವರ ಮುಖ ನೋಡಲೂ ಆಗಲಿಲ್ಲ. ಮನೆಗೆ ಬಂದು ಮಜ್ಜಿಗೆಯ ಲೋಟಗಳನ್ನು ತೊಳೆದದ್ದನ್ನೇ ತೊಳೆಯುತ್ತಾ ನಿಂತೆ.

ದೀಪ ಹಚ್ಚುವ ಹೊತ್ತಿಗೆ ಗೌರಮ್ಮ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಕರಿದ ಹಪ್ಪಳದ ತಟ್ಟೆ, ಇನ್ನೊಂದರಲ್ಲಿ ಚೆಂಡಿನ ಚೀಲ. ನನ್ನ ಕಾಲು ನೋಡಲಿಲ್ಲ. ಚೀಲವನ್ನು ನಮ್ಮ ಕೋಣೆಯ ಮೊಳೆಗೆ ತಾವೇ ನೇತುಹಾಕಿ, ಹೊರಡುತ್ತಾ ಅಂದರು:

"ಇದು ಇಲ್ಲೇ ಇರ್ಲಿ ಕಣ್ರೀ, ಬಿಸಿಲಿಗೆ ಹಾಕೋದ್ ಮರೀಬೇಡಿ. ಮುಂದಿನ್ ವರ್ಷ ನಾವೆಲ್ಲ ನಿಮ್ಮೂರಿಗೇ ಹೋಗಿ ಅವ್ರನ್ನ ಸೋಲಿಸ್ಬೇಕಲ್ಲ."