ಸಾಣೆ ಹಿಡಿಯಲೊಲ್ಲದ ಮುನಿಗಂಗಪ್ಪ

ಆಯುಧಪೂಜೆಯ ಹಿಂದಿನ ದಿನ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ, ಆಗಲೇ ಶಿಡ್ಲಘಟ್ಟದ ಮುನಿಗಂಗಪ್ಪನವರ ಸಾಣೆ ಅಂಗಡಿ ಮುಂದೆ ಮಚ್ಚು, ಕುಡುಗೋಲುಗಳ ರಾಶಿ. ಅರವತ್ತೆಂಟರ ಮುನಿಗಂಗಪ್ಪ ಕಾಲಿನಿಂದ ಚಕ್ರ ತುಳಿಯುತ್ತಾ ಒಂದೊಂದನ್ನೇ ಹರಿತ ಮಾಡಿ ಪಕ್ಕಕ್ಕಿಡುತ್ತಿದ್ದಾರೆ. ಮೇಲೂರಿನ ಗಂಗುಲಮ್ಮ ಹಳೇ ಸೀರೆಯೊಳಗಿಂದ ಉದ್ದನೆಯ ಕತ್ತಿಯೊಂದನ್ನು ಬಿಚ್ಚುತ್ತಲೇ ಚಕ್ರ ನಿಲ್ಲುತ್ತದೆ.

ಬ್ರಿಟಿಷ್ ದಂಡಿನ ಅಧಿಕಾರಿಯ ಕತ್ತಿ ಅದು. ಗಂಗುಲಮ್ಮನ ಗಂಡನ ಮುತ್ತಜ್ಜ ದೊರೆಯೊಬ್ಬನ ಕುದುರೆ ನೋಡಿಕೊಂಡಿದ್ದಕ್ಕೆ ಸಿಕ್ಕ ಇನಾಮು. ತುಕ್ಕಿನಡಿ ಬಳ್ಳಿಯ ಕೆತ್ತನೆ, ಕಿರೀಟ, ಎರಡು ಇಂಗ್ಲಿಷ್ ಅಕ್ಷರ. ಕತ್ತಿಯ ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಐದಂಕಿಯ ನಂಬರು.

“ಇದನ್ನ ಉಜ್ಜಬಾರ್ದು ಕಣಮ್ಮ. ಎಣ್ಣೆ ಸವರಿ ಇಟ್ಬಿಡು.”

“ತುಕ್ಕು ಹಿಡಿದಿರೋದನ್ನ ದೇವರ ಮುಂದೆ ಇಡ್ಲಾ? ಸಾಣೆಯೋನು ತುಕ್ಕಿಗೆ ಕಾವಲು ಕೂತವ್ನೆ, ನೋಡ್ರಪ್ಪ!”

ಸುತ್ತಲಿದ್ದವರು ನಗುತ್ತಾರೆ. ಮುನಿಗಂಗಪ್ಪನವರಿಗೆ ನಗು ಬರುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಕೈವಾರದ ಕಡೆಯ ಗರಡಿಮನೆಯೊಂದರ ಕತ್ತಿಯನ್ನು ಅವರು ಕನ್ನಡಿಯಂತೆ ಬೆಳಗಿಕೊಟ್ಟಿದ್ದರು. ಗರಡಿಯವರು ಶಾಲು ಹೊದಿಸಿದರು. ಅದನ್ನು ನೋಡಿದ ಹೈಸ್ಕೂಲಿನ ಚೆನ್ನಕೇಶವ ಮೇಷ್ಟ್ರು ಮಾತ್ರ, “ಇದ್ರ ಮೇಲಿದ್ದ ಹೆಸ್ರು, ನಂಬರು ಎಲ್ಲಯ್ಯ?” ಅಂದರು. ಬೆನ್ನಿನ ನಂಬರು ಹೇಳಿದರೆ ಲಂಡನ್ನಿನ ಕತ್ತಿ ಕಂಪನಿಯ ಪುಸ್ತಕದಲ್ಲಿ ಕೊಂಡವನ ಹೆಸರು ಸಿಗುತ್ತದೆ ಎಂಬುದು ಮುನಿಗಂಗಪ್ಪನವರಿಗೆ ಗೊತ್ತಾಗಿದ್ದೇ ಅವತ್ತು.

ಅಂದಿನಿಂದ ಅವರು ಇಂಥ ದಂಡಿನ ಕತ್ತಿಗಳನ್ನು ಹುಡುಕುತ್ತಿದ್ದಾರೆ. ಕೊಳ್ಳುವ ಶಕ್ತಿಯಿಲ್ಲ, ಅದಕ್ಕೆ ಕಾರಿನಲ್ಲಿ ಬರುವ ಹಳೇ ಸಾಮಾನಿನ ವ್ಯಾಪಾರಿಗಳಿದ್ದಾರೆ. ಇವರು ಅಲಗಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ಮೇಷ್ಟ್ರು ಲಂಡನ್ನಿನ ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಾರೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನೋಡಿದ್ದು ನಲವತ್ತಮೂರು ಕತ್ತಿ. ಅಚ್ಚು ಬಿದ್ದದ್ದು ಹದಿನಾಲ್ಕರದು. ಹೆಸರು ತಿಳಿದದ್ದು ನಾಲ್ಕರದು.

“ಮಿಕ್ಕಿದ್ದೆಲ್ಲ ಬೋಳು. ಯಾರು ಬೋಳಿಸಿದ್ದು? ನಾನೇ. ಪ್ರತಿ ವರ್ಷ ತಂದ್ಕೊಡೋರು, ಪ್ರತಿ ವರ್ಷ ಬೆಳಗೋನು. ಒಳ್ಳೇ ಕೆಲ್ಸಗಾರ ಅಂತ ಹೆಸ್ರು ಬೇರೆ ನಂಗೆ,” ಎನ್ನುತ್ತಾರೆ ಮುನಿಗಂಗಪ್ಪ.

ಈಗ ಗಂಗುಲಮ್ಮನ ಮುಂದೆ ಕಾಗದ ಹಿಡಿಯುತ್ತಾರೆ. “ಒಂದು ಅಚ್ಚು ತೆಕ್ಕೊಳ್ತೀನಿ, ತಾಯಿ.”

“ಕಾಗದಕ್ಕೆ ಇಳಿಸ್ಕೊಂಡ್ರೆ ಕತ್ತೀಲಿ ಏನು ಉಳೀತದೆ? ನಮ್ಮನೆ ಸತ್ವ ನಿಂಗ್ಯಾಕೆ ಕೊಡ್ಲಿ?” ಆಕೆ ಕತ್ತಿ ಕಿತ್ತುಕೊಂಡು ಎದುರಿನ ಕರೆಂಟು ಸಾಣೆಯ ಅಂಗಡಿಗೆ ಹೋಗುತ್ತಾಳೆ. ಕಿಡಿ ಹಾರುತ್ತವೆ. ಹತ್ತು ನಿಮಿಷಕ್ಕೆ ಅಲಗು, ಬೆನ್ನು ಎಲ್ಲ ನುಣ್ಣಗೆ. ಹೋಗುವಾಗ ಬೇಕೆಂದೇ ಇವರೆದುರು ಎತ್ತಿ ಹಿಡಿಯುತ್ತಾಳೆ: “ನೋಡು, ಮುಖ ಕಾಣ್ತದೆ!”

“ಕಾಣ್ತದಮ್ಮ,” ಎನ್ನುತ್ತಾರೆ.

ಆಕೆ ಮರೆಯಾದ ಮೇಲೆ, ಬಾಯಲ್ಲೇ ಹೇಳಿಕೊಳ್ಳುತ್ತಿದ್ದ ನಂಬರನ್ನು ಬರೆಯಲು ಕೂರುತ್ತಾರೆ. ನಾಲ್ಕಂಕಿ ಸರಿಯಾಗಿ ಬರುತ್ತವೆ. ಐದನೆಯದು ಮೂರೋ, ಎಂಟೋ. ತುಕ್ಕಿನಲ್ಲಿ ತಿಳಿದಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದಿಡುತ್ತಾರೆ.

“ಮೇಷ್ಟ್ರಿಗೆ ಎರಡು ಕಾಗದ ಬರೀರಿ ಅಂತೀನಿ. ಒಂದು ಸುಳ್ಳಾಗ್ತದೆ, ಆಗ್ಲಿ ಬಿಡಿ,” ಎಂದು ಬೆರಳಿಗೆ ಹತ್ತಿದ ಪೆನ್ಸಿಲ್ ಕಪ್ಪನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. “ಇದೊಂದನ್ನ ಅಳಿಸಿದ ಕೈ ನಂದಲ್ಲ.”