ಅಕ್ಕೋರ ಮಿಕ್ಸರಿನ ತಪ್ಪಲ್ಲ

ಅಕ್ಕೋರೆ, ಭಾಗೀರಥಕ್ಕನ ಹಾಡುಗಳನ್ನು ಅಳಿಸಿದವನು ನಾನು. ನಿಮ್ಮ ಮಿಕ್ಸರ್ ಅಲ್ಲ, ಆ ಹೊತ್ತಿಗೆ ಬಿದ್ದ ವೋಲ್ಟೇಜೂ ಅಲ್ಲ. ನೀವು ಅಡುಗೆಮನೆಯಲ್ಲಿ ಮಿಕ್ಸರ್ ಹಾಕುವ ಮೊದಲೇ ಅವು ಹೋಗಿದ್ದವು — ನನ್ನ ಕೈಯಿಂದ, ನನ್ನ ಕಣ್ಣೆದುರೇ. ನೀವು ಓಡಿ ಬಂದು ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ ಆ ಸುಳ್ಳನ್ನು ಕಾಪಾಡಿಕೊಳ್ಳಲು ಅದಕ್ಕಿಂತ ಕೆಟ್ಟದ್ದೊಂದನ್ನು ಮಾಡಿದೆ. ಅದನ್ನೂ ಹೇಳುತ್ತೇನೆ.

ಮೊದಲು ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನೇರವಾಗಿ ಆ ದಿನಕ್ಕೆ ಬರಲು ಧೈರ್ಯ ಸಾಲದು. ನೀವು ಯಲ್ಲಾಪುರ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾಗಿ ಶಿರಸಿ ಹತ್ತಿರದ ಇಸಳೂರಿನಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿದಿರಿ. ಮದುವೆಯಾಗಲಿಲ್ಲ. ಗಂಡನನ್ನು ಬೇಗ ಕಳೆದುಕೊಂಡಿದ್ದ ನಿಮ್ಮ ಅಕ್ಕ ಭಾಗೀರಥಕ್ಕ ನಿಮ್ಮ ಜೊತೆಗಿದ್ದರು. ಮದುವೆ, ಉಪನಯನ ಎಂದರೆ ಹಾಡು ಹೇಳಲು ಅವರನ್ನೇ ಕರೆಯುತ್ತಿದ್ದರಂತೆ. ಆ ಹಾಡುಗಳನ್ನು ನೀವು ಮನೆಯಲ್ಲಿ ಕೂತು, ಅವರಿಂದ ಒಂದೊಂದಾಗಿ ಹೇಳಿಸಿ, ಟೇಪ್‌ರೆಕಾರ್ಡರಿಗೆ ತುಂಬಿಸಿಕೊಂಡಿದ್ದಿರಿ. ಅವರು ತೀರಿಕೊಂಡ ಮೇಲೆ ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತು. ಹೆದರಿಕೊಂಡು ಶಿರಸಿ ಪೇಟೆಯ ನನ್ನ ರಿಪೇರಿ ಅಂಗಡಿಗೆ ಬಂದಿರಿ.

ನಾನು ಭಾಗೀರಥಕ್ಕನನ್ನು ನೋಡಿಲ್ಲ. ಆದರೆ ಆ ಒಂದು ತಿಂಗಳು ದಿನವಿಡೀ ಅವರ ದನಿ ನನ್ನ ಅಂಗಡಿಯಲ್ಲಿತ್ತು. ಯಾವುದೋ ಆಫೀಸಿನಿಂದ ಬಂದ ಹಳೆಯ ಕಂಪ್ಯೂಟರೊಂದನ್ನು ನಿಮಗೆ ಕೊಟ್ಟು, ಕ್ಯಾಸೆಟ್ಟಿನ ಹಾಡುಗಳನ್ನೆಲ್ಲ ಅದಕ್ಕೆ ಹಾಕಿಕೊಟ್ಟೆ. ಎಷ್ಟೋ ಹಾಡುಗಳು ಅರ್ಧಕ್ಕೇ ನಿಂತಿದ್ದವು. ಕೆಮ್ಮು ಬರುತ್ತಿತ್ತು ಅವರಿಗೆ. ಆಮೇಲೆ “ಸಾಕೇ ಮಾರಾಯ್ತಿ, ಬಂದ್ ಮಾಡು” ಎಂಬ ಮಾತು, ಟಕ್ ಎಂಬ ಸದ್ದು. ನಾನು ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುವವನು. ಬನವಾಸಿ ಕಡೆಯ ನಮ್ಮ ಮನೆಗೂ ನನಗೂ ಹೋಗಿ ಬಂದು ಮಾಡುವಂಥದ್ದೇನೂ ಉಳಿದಿರಲಿಲ್ಲ. ಹಾಡಿಗಿಂತ ಆ ‘ಸಾಕೇ ಮಾರಾಯ್ತಿ’ಯೇ ನನಗೆ ಹಿಡಿಸಿತ್ತು.

ಕೆಲಸ ಮುಗಿದ ದಿನ ದೊಡ್ಡ ಜಾಣನ ಹಾಗೆ ಹೇಳಿದೆ — “ಇನ್ನ ಈ ಕ್ಯಾಸೆಟ್ ಇಟ್ಕೊಂಡು ಏನ್ ಮಾಡ್ತೀರಿ ಅಕ್ಕೋರೆ, ಒಗದ್ ಬಿಡ್ರಿ.” ನೀವು ಒಗೆಯಲಿಲ್ಲ, ಯಾವುದನ್ನೂ ಸುಮ್ಮನೆ ಒಗೆಯುವವರಲ್ಲ ನೀವು. ಹಕ್ಕಿ ಬಾರದಿರಲಿ ಎಂದು ರೀಲು ಎಳೆದು ಅವರೆ ಚಪ್ಪರದ ಸುತ್ತ ಕಟ್ಟಿದಿರಿ, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ. ಬಿಸಿಲಿಗೆ ಮಿಂಚುತ್ತ, ಗಾಳಿಗೆ ಝುಂಯ್ ಎನ್ನುತ್ತ ಅದು ಅಲ್ಲೇ ಇತ್ತು.

ಆಮೇಲೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬಂತು. ಜಾಗ ಯಾಕೆ ಬೇಕಿತ್ತು ಎಂಬುದನ್ನು ನಾನು ಮರೆತಿಲ್ಲ. ಅಕ್ಕ ಅರ್ಧಕ್ಕೆ ಬಿಟ್ಟ ಹಾಡುಗಳ ಉಳಿದ ಭಾಗ ನಿಮಗೆ ಬಾಯಿಗೆ ಬರುತ್ತಿತ್ತು. ಅದನ್ನು ನೀವು ಹೇಳಿ, ಅವರ ಹಾಡಿನ ಪಕ್ಕಕ್ಕೇ ಇಡಬೇಕು ಎಂಬ ಆಸೆ. ನಾಚಿಕೊಂಡು ಹೇಳಿದಿರಿ — “ಯನ್ನ ದನಿ ಕೇಳೂಲೆ ಆಗ್ತಿಲ್ಲೆ. ಆದ್ರೂ ಹಾಡು ಪೂರ್ತಿ ಆಗವು ಅಲ್ದ?”

ನಾನು ಇಸಳೂರಿಗೆ ಬೈಕಿನಲ್ಲಿ ಬಂದು ನೋಡಿದೆ. ಆ ಹಾರ್ಡ್‌ಡಿಸ್ಕಿನಲ್ಲಿ ಜಾಗವೇನೋ ಇತ್ತು. ಹಳೆಯ ಆಫೀಸಿನವರು ಮಾಡಿಟ್ಟಿದ್ದ ಒಂದು ಭಾಗ ಯಾರೂ ಬಳಸದೆ, ಹೆಸರೂ ಇಲ್ಲದೆ ಬಿದ್ದುಕೊಂಡಿತ್ತು. ಹಾಡುಗಳಿದ್ದ ಭಾಗದ ಪಕ್ಕದಲ್ಲೇ. ಅದಕ್ಕೊಂದು ಹೆಸರು ಕೊಟ್ಟು ಬೇರೆಯಾಗಿಯೇ ತೆರೆದಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು, ಹಾಡುಗಳ ತಂಟೆಗೆ ಹೋಗುವ ಅಗತ್ಯವೇ ಇರಲಿಲ್ಲ. ನೀವೂ ಅದನ್ನೇ ಹೇಳಿದಿರಿ: “ಬೇರೇನೇ ಇರ್ಲಿ ತಮಾ, ಇದ್ದಿದ್ದು ಹಾಳಾಗ್ದೇ ಇದ್ರೆ ಸಾಕು.” ನನಗೆ ಜಂಬ. ಅದನ್ನು ಅಳಿಸಿ ಎರಡನ್ನೂ ಸೇರಿಸಿ ಒಂದೇ ಮಾಡಿಕೊಡುತ್ತೇನೆ ಎಂದೆ. ಶಿರಸಿಯಲ್ಲಿ ಹಾಗೆ ಮಾಡಬಲ್ಲವರು ಆಗ ಇಬ್ಬರೋ ಮೂವರೋ... ಅದು ನಿಮಗೆ ಗೊತ್ತಾಗಬೇಕಿತ್ತು ನನಗೆ. ಮೊದಲು ಸಿಡಿಗೆ ಒಂದು ಪ್ರತಿ ತೆಗೆದಿಡಬೇಕು ಎಂಬುದು ಗೊತ್ತಿತ್ತು. ಸಿಡಿ ಬರೆಯುವ ಯಂತ್ರ ಅಂಗಡಿಯಲ್ಲಿತ್ತು, ಕಂಪ್ಯೂಟರಿನ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಹೋಗಿ ಬರಲು ಬೇಸರ. “ಏನೂ ಆಗಲ್ರಿ” ಎಂದೆ.

ಆಸ್ರಿಗೆ ಎಂತ ಬೇಕು ಎಂದು ಕೇಳಿದಿರಿ. ನಿಮ್ಮಲ್ಲಿ ಬಂದವರು ಕುಡಿಯದೆ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಮಜ್ಜಿಗೆ ಕೊಟ್ಟಿರಿ. ಕುಡಿದು ಲೋಟ ಕೆಳಗಿಡುವಷ್ಟರಲ್ಲಿ “ಉಂಡ್ಕಂಡೇ ಹೋಗವು, ಒಂದೆಲಗದ ತಂಬುಳಿ ಮಾಡ್ತೆ” ಎಂದು ಹಿತ್ತಿಲಿಗೆ ಎಲೆ ಕೊಯ್ಯಲು ಹೋದಿರಿ.

ನಾನು ಡಿಸ್ಕನ್ನು ಭಾಗ ಮಾಡುವ ಸಿಡಿ ಹಾಕಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಪರದೆಯ ಮೇಲೆ ಡಿಸ್ಕಿನ ಭಾಗಗಳು ಸಾಲಾಗಿ ಕಂಡವು, ಬರೀ ಅಳತೆ ಮಾತ್ರ, ಹೆಸರಿಲ್ಲ. ಎರಡರ ಅಳತೆ ಹೆಚ್ಚುಕಡಿಮೆ ಒಂದೇ. ಒಂದು ಖಾಲಿಯದು, ಇನ್ನೊಂದು ಭಾಗೀರಥಕ್ಕನದು. ಹಿಂದಕ್ಕೆ ಹೋಗಿ ಯಾವುದು ಯಾವುದೆಂದು ಇನ್ನೊಮ್ಮೆ ನೋಡಬಹುದಿತ್ತು. ನೋಡಲಿಲ್ಲ — ಯಾಕೆ ನೋಡಲಿಲ್ಲ ಎಂದು ಇಷ್ಟು ವರ್ಷ ಕೇಳಿಕೊಂಡರೂ... ಕೆಳಗಿನದನ್ನು ಅಳಿಸಿದೆ. ಫಾರ್ಮ್ಯಾಟ್ ಮಾಡಿದೆ. ಕಂಪ್ಯೂಟರ್ ತೆರೆದು ನೋಡಿದರೆ ಹಾಡುಗಳಿದ್ದಲ್ಲಿ ಏನೂ ಇರಲಿಲ್ಲ. ನೋಡಿದ್ದನ್ನೇ ನೋಡುತ್ತ ಕೂತೆ.

ಆಗ ಒಳಗೆ ಮಿಕ್ಸರ್ ಗುರ್ ಎಂದಿತು. ನಿಮ್ಮ ಮನೆಯ ವೋಲ್ಟೇಜ್ ಗೊತ್ತಲ್ಲ, ದೀಪ ಮಂಕಾಗಿ, ಸ್ಟೆಬಿಲೈಸರ್ ಕಟ್ ಎಂದು ಕಂಪ್ಯೂಟರ್ ಆರಿಹೋಯಿತು. ಕೈಗೆ ಹತ್ತಿದ ಕಾಯಿತುರಿಯೊಂದಿಗೇ ನೀವು ಬಾಗಿಲಿಗೆ ಬಂದಿರಿ. ನನ್ನ ಮುಖ ನೋಡಿದಿರಿ.

“ಆನು ಮಿಕ್ಸರ್ ಹಾಕಿದ್ದಕ್ಕೇ ಹೋತಾ ತಮಾ?”

“ಹೌದ್ರಿ ಅಕ್ಕೋರೆ” ಎಂದೆ.

ಅಷ್ಟೇ. ಹುಡುಕಿ ಕಟ್ಟಿದ ಸುಳ್ಳಲ್ಲ ಅದು, ನೀವೇ ನನ್ನ ಕೈಗೆ ಕೊಟ್ಟಿರಿ, ನಾನು ಇಸಿದುಕೊಂಡೆ. ನೀವು ಅಳಲಿಲ್ಲ. ನನ್ನನ್ನು ಬೈದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಎಲೆ ಹಾಕಿ, ಅದೇ ತಂಬುಳಿ ಬಡಿಸಿದಿರಿ. ನಾನು ಉಂಡೆ. ನೀವು ಉಣ್ಣಲಿಲ್ಲ. ಹೊರಡುವಾಗ ನೋಡಿದೆ, ಅವರೆ ಚಪ್ಪರದ ಹತ್ತಿರ ನಿಂತು ರೀಲನ್ನು ಬಿಡಿಸಿ ಬಿಡಿಸಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಿರಿ. ಬಿಸಿಲು ಮಳೆಗೆ ಅದು ಸುಕ್ಕಾಗಿ, ಮುಟ್ಟಿದಲ್ಲೆಲ್ಲ ತುಂಡಾಗುತ್ತಿತ್ತು.

ಇನ್ನು ಆ ಎರಡನೆಯದು. ಮರುದಿನ ನೀವು ಅಂಗಡಿಗೆ ಬಂದು, ಹುಬ್ಬಳ್ಳಿಯಲ್ಲಿ ಯಾರಾದರೂ ತೆಗೆದುಕೊಡುತ್ತಾರೇನೋ ಎಂದು ಕೇಳಿದಿರಿ. ತೆಗೆದುಕೊಡುತ್ತಿದ್ದರು ಅಕ್ಕೋರೆ. ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಮೇಲೆ ಬೇರೆ ಏನನ್ನೂ ಬರೆಯದಿದ್ದರೆ ಒಳಗೆ ಇದ್ದೇ ಇರುತ್ತದೆ. ಬಹುಪಾಲು ಹಾಡು ವಾಪಸು ಬರುತ್ತಿದ್ದವು. ಆದರೆ ಆ ಡಿಸ್ಕ್ ನೋಡಿದವರಿಗೆ ಇದು ಕರೆಂಟಿನಿಂದ ಹೋದದ್ದಲ್ಲ, ಯಾರೋ ಕೈಯಾರೆ ಅಳಿಸಿದ್ದು ಎಂದು ತಿಳಿದುಬಿಡುತ್ತಿತ್ತು. “ನಾನೇ ನೋಡ್ತೀನ್ರಿ” ಎಂದು ಡಬ್ಬಿಯನ್ನು ತರಿಸಿಕೊಂಡೆ. ತರಿಸಿಕೊಂಡು, ಯಾರೂ ಏನೂ ಹುಡುಕಲಾಗದಂತೆ, ಅಂಗಡಿಯಲ್ಲಿದ್ದ ಸಿನಿಮಾ ಹಾಡುಗಳನ್ನು ಆ ಜಾಗ ಪೂರ್ತಿ ತುಂಬುವವರೆಗೆ ಸುರಿದೆ. ಮೊದಲನೆಯದನ್ನು ಕೈತಪ್ಪು ಎನ್ನಬಹುದು. ಇದು ತಪ್ಪಿ ಆದದ್ದಲ್ಲ. ವಾಪಸು ಕೊಡುವಾಗ, ನಿಮಗೆ ಬೇಸರ ಬರದಿರಲಿ ಎಂದು ಒಂದಿಷ್ಟು ಹಾಡು ಹಾಕಿದ್ದೇನೆ ಎಂದೆ. “ಚೊಲೊ ಮಾಡ್ದೆ ತಮಾ” ಎಂದಿರಿ. ಥೂ, ನನ್ನ ಜನ್ಮಕ್ಕೆ.

ಆಮೇಲೂ ನಾನು ಇಸಳೂರಿಗೆ ಬರುವುದನ್ನು ಬಿಡಲಿಲ್ಲ. ಪ್ರಿಂಟರ್, ವೈರು, ಏನೋ ಒಂದು ನೆವ. ನಿಜ ಹೇಳಬೇಕೆಂದರೆ ಇಡೀ ಶಿರಸಿ ಸೀಮೆಯಲ್ಲಿ ಆಸ್ರಿಗೆ ಎಂತ ಬೇಕು ಎಂದು ನನ್ನನ್ನು ಕೇಳುವ ಮನೆ ಅದೊಂದೇ. ಹೇಳಿದರೆ ಅದೂ ಹೋಗುತ್ತದಲ್ಲ ಎಂಬ ಹೆದರಿಕೆ. ನೀವು ಮಿಕ್ಸರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದು ಗೊತ್ತು. ಬರಬರುತ್ತ ಭುಜ ಎತ್ತಲಾಗದಿದ್ದರೂ ಒರಳಲ್ಲೇ ರುಬ್ಬುವುದು ಗೊತ್ತು. ನಾನು ಬಂದ ದಿನ ನನಗಾಗಿ ರುಬ್ಬುತ್ತೀರಿ. ಕಲ್ಲಿನ ಸದ್ದು ಕೇಳುತ್ತ ಜಗಲಿಯಲ್ಲಿ ಕೂತಿರುತ್ತೇನೆ, ಕರೆದಾಗ ಹೋಗಿ ಉಣ್ಣುತ್ತೇನೆ. ನೀವು ಹಾಡು ಹೇಳಿದ್ದನ್ನು ಮಾತ್ರ ಆ ದಿನದಿಂದ ಈಚೆಗೆ ಒಮ್ಮೆಯೂ ಕೇಳಿಲ್ಲ.

ಹೋದ ವಾರ ಪಕ್ಕದ ಮನೆಯವರು ಹೊಸ ಕಂಪ್ಯೂಟರ್ ತಂದರು. ಜೋಡಿಸಿಕೊಡಲು ಬಂದಿದ್ದೆ. ನೀವೂ ನೋಡಲು ಬಂದಿರಿ. ಆ ಮನೆಯ ಸೊಸೆಗೆ ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಇದು ಹಚ್ಚಿಪ್ಪಾಗ ಮಿಕ್ಸರ್ ಹಾಕಡ ಮಗಾ. ಆನು ಯನ್ನ ಕೈಯಾರೆ ಅಕ್ಕಯ್ಯನ ದನಿ ಕಳಕಂಡಿ.”

ನಾನು ಮೇಜಿನ ಕೆಳಗೆ ಬಗ್ಗಿ ವೈರು ಸಿಕ್ಕಿಸುತ್ತಿದ್ದೆ. ಸಿಕ್ಕಿಸಿದ್ದನ್ನೇ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಇಷ್ಟು ವರ್ಷ ನೀವು ಅಕ್ಕನ ದನಿ ಕಳೆದುಕೊಂಡಿರಿ ಎಂದಷ್ಟೇ ತಿಳಿದಿದ್ದೆ. ‘ಕಳೆದವಳು ನಾನೇ’ ಎಂದುಕೊಂಡೇ ದಿನ ಬೆಳಗಾದರೆ ಏಳುತ್ತೀರಿ, ಒರಳ ಮುಂದೆ ಕೂರುತ್ತೀರಿ ಎಂಬುದು... ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದೆ.

ಹಾಡುಗಳು ಇನ್ನು ಬರುವುದಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಭಾನುವಾರ ಬಂದು ಇದನ್ನು ನಿಮ್ಮೆದುರು ನಾನೇ ಓದುತ್ತೇನೆ. ಒಳಗೆ ಬರುವುದಿಲ್ಲ, ಅಂಗಳದಲ್ಲೇ ನಿಂತು ಓದುತ್ತೇನೆ. ಆಸ್ರಿಗೆ ಎಂತ ಬೇಕು ತಮಾ ಎಂದು ನೀವು ಕೇಳುವುದರೊಳಗೆ ಮೊದಲ ಸಾಲು ಮುಗಿದಿರಬೇಕು.